ಹೃದಯ ಕವಾಟ ಬದಲಾವಣೆ: ಸಣ್ಣ ಗಾಯದ ಶಸ್ತ್ರಚಿಕಿತ್ಸೆಯೋ, ಎದೆಮೂಳೆ ತೆರೆಯುವ ಶಸ್ತ್ರಚಿಕಿತ್ಸೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹೃದಯದ ಕವಾಟವನ್ನು ಬದಲಾಯಿಸಬೇಕೆಂದು ವೈದ್ಯರು ಹೇಳಿದಾಗ ಹೆಚ್ಚಿನ ಕುಟುಂಬಗಳು ಮೊದಲು ಕೇಳುವುದು ಗಾಯದ ಬಗ್ಗೆ: ಎದೆಯನ್ನು ಪೂರ್ತಿ ತೆರೆಯಲೇಬೇಕೇ, ಸಣ್ಣ ರಂಧ್ರದಲ್ಲಿ ಮುಗಿಸಲು ಬರುವುದಿಲ್ಲವೇ? ಇದು ಸಹಜವಾದ ಪ್ರಶ್ನೆ, ಅದಕ್ಕೆ ಸ್ಪಷ್ಟವಾದ ಉತ್ತರವೂ ಸಿಗಬೇಕು. ಆದರೆ ಗಾಯ ಕೆಲವು ತಿಂಗಳಲ್ಲಿ ಮಾಯುತ್ತದೆ, ಒಳಗೆ ಕೂರಿಸಿದ ಕವಾಟದೊಂದಿಗೆ ರೋಗಿ ದಶಕಗಳ ಕಾಲ ಬಾಳಬೇಕಾಗುತ್ತದೆ. ಆದ್ದರಿಂದ ಗಾಯದ ಜೊತೆಗೆ, ಅದಕ್ಕಿಂತ ಮುಂಚೆಯೇ ಕೇಳಬೇಕಾದ ಬೇರೆ ಪ್ರಶ್ನೆಗಳನ್ನೂ ಇಲ್ಲಿ ಸೇರಿಸಲಾಗಿದೆ.

ಕವಾಟ ಕೆಡುವುದೆಂದರೆ ಏನು? ನಮ್ಮ ಕಡೆ ಇದು ಚಿಕ್ಕ ವಯಸ್ಸಿನವರಿಗೂ ಏಕೆ ಬರುತ್ತದೆ?

ಹೃದಯದಲ್ಲಿ ನಾಲ್ಕು ಕವಾಟಗಳಿವೆ. ರಕ್ತ ಒಂದೇ ದಿಕ್ಕಿನಲ್ಲಿ ಹರಿಯುವಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ಕವಾಟ ಕಿರಿದಾದರೆ ರಕ್ತ ಮುಂದಕ್ಕೆ ಹೋಗಲು ಕಷ್ಟಪಡುತ್ತದೆ, ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಹಿಂದಕ್ಕೆ ಸೋರುತ್ತದೆ. ಎರಡರಲ್ಲಿ ಯಾವುದಾದರೂ ತೀವ್ರವಾದಾಗ ಮೆಟ್ಟಿಲು ಹತ್ತಿದರೆ ಏದುಸಿರು, ರಾತ್ರಿ ಮಲಗಿದಾಗ ಉಸಿರು ಕಟ್ಟುವುದು, ಕಾಲು ಊದುವುದು, ಎದೆ ಬಡಿತ ತಪ್ಪಿದಂತೆ ಅನ್ನಿಸುವುದು ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಬರುವುವು ಎಡಭಾಗದ ಎರಡು ಕವಾಟಗಳು, ಅಂದರೆ ಮೈಟ್ರಲ್ ಮತ್ತು ಅಯೋರ್ಟಿಕ್.

ಯುರೋಪ್, ಅಮೆರಿಕಗಳಲ್ಲಿ ಕವಾಟದ ಕಾಯಿಲೆ ಬಹುಪಾಲು ವೃದ್ಧಾಪ್ಯದ ಕಾಯಿಲೆ. ವಯಸ್ಸಾದಂತೆ ಅಯೋರ್ಟಿಕ್ ಕವಾಟದಲ್ಲಿ ಸುಣ್ಣದ ಅಂಶ ಸೇರಿ ಅದು ಗಟ್ಟಿಯಾಗುತ್ತದೆ. ಭಾರತದಲ್ಲಿ ಇದರ ಜೊತೆಗೆ ರುಮ್ಯಾಟಿಕ್ ಜ್ವರದ ಹೊರೆ ಇನ್ನೂ ಉಳಿದಿದೆ. ಬಾಲ್ಯದಲ್ಲಿ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬರುವ ಗಂಟಲು ನೋವಿಗೆ ಸರಿಯಾದ ಚಿಕಿತ್ಸೆ ಸಿಗದಿದ್ದರೆ, ಆ ಬ್ಯಾಕ್ಟೀರಿಯಾದ ವಿರುದ್ಧ ಎದ್ದ ದೇಹದ ರಕ್ಷಣಾ ವ್ಯವಸ್ಥೆಯೇ ಕೆಲವರಲ್ಲಿ ಹೃದಯದ ಕವಾಟವನ್ನೂ ಗಾಯಗೊಳಿಸುತ್ತದೆ. ಹಲವು ವರ್ಷಗಳ ನಂತರ ಮೈಟ್ರಲ್ ಕವಾಟದ ಎಸಳುಗಳು ದಪ್ಪಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇಪ್ಪತ್ತು, ಮೂವತ್ತರ ಹರೆಯದ ಹೆಣ್ಣುಮಕ್ಕಳು ಗರ್ಭಿಣಿಯಾದಾಗ ಮೊದಲ ಬಾರಿಗೆ ಈ ತೊಂದರೆ ಪತ್ತೆಯಾಗುವುದು ನಮ್ಮ ವೈದ್ಯರಿಗೆ ಹೊಸ ವಿಷಯವೇನಲ್ಲ. ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಎಪ್ಪತ್ತೈದು ದಾಟಿದವರಿಗೆ ಹೇಳಿದ ಸಲಹೆ ಇಪ್ಪತ್ತೈದರವರಿಗೆ ಹೊಂದುವುದಿಲ್ಲ.

ಎದೆಮೂಳೆ ತೆರೆಯುವ ಸಾಂಪ್ರದಾಯಿಕ ಶಸ್ತ್ರಚಿಕಿತ್ಸೆಯಲ್ಲಿ ನಿಜಕ್ಕೂ ಏನು ಮಾಡುತ್ತಾರೆ?

ಎದೆಯ ನಡುವೆ ಸುಮಾರು 20 ರಿಂದ 25 ಸೆಂಟಿಮೀಟರ್ ಉದ್ದಕ್ಕೆ ಚರ್ಮವನ್ನು ಕೊಯ್ದು, ಎದೆಮೂಳೆಯನ್ನು ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಸೀಳಿ ತೆರೆಯುತ್ತಾರೆ. ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ತಿರುಗಿಸಿ, ಔಷಧದ ದ್ರಾವಣ ಹರಿಸಿ ಹೃದಯವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಾರೆ. ಕೆಟ್ಟ ಕವಾಟವನ್ನು ಕತ್ತರಿಸಿ ತೆಗೆದು ಹೊಸದನ್ನು ಹೊಲಿದು ಕೂರಿಸಿದ ಮೇಲೆ ಹೃದಯ ಮತ್ತೆ ಬಡಿಯುವಂತೆ ಮಾಡಿ, ಎದೆಮೂಳೆಯನ್ನು ಉಕ್ಕಿನ ತಂತಿಗಳಿಂದ ಬಿಗಿಯುತ್ತಾರೆ. ಆ ತಂತಿಗಳು ಒಳಗೇ ಉಳಿಯುತ್ತವೆ. ಅವುಗಳಿಂದ ಸಾಮಾನ್ಯವಾಗಿ ತೊಂದರೆಯಿಲ್ಲ.

ಈ ದಾರಿಗೆ ಆರು ದಶಕಗಳಿಗೂ ಮೀರಿದ ಅನುಭವದ ಬಲವಿದೆ. ಅಮೆರಿಕದ ಆಲ್ಬರ್ಟ್ ಸ್ಟಾರ್ ಎಂಬ ಶಸ್ತ್ರಚಿಕಿತ್ಸಕರು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ ಜೊತೆ ರೂಪಿಸಿದ ಕೃತಕ ಕವಾಟವನ್ನು ಮೈಟ್ರಲ್ ಸ್ಥಾನದಲ್ಲಿ ಯಶಸ್ವಿಯಾಗಿ ಕೂರಿಸಿದ್ದು 1960 ರಲ್ಲಿ. ಅಂದಿನಿಂದ ಇಂದಿನವರೆಗೆ ಕವಾಟಗಳು ಬದಲಾಗಿವೆ, ಅರಿವಳಿಕೆ ಸುಧಾರಿಸಿದೆ, ಆದರೆ ಶಸ್ತ್ರಚಿಕಿತ್ಸಕರ ಕಣ್ಣಿಗೆ ಇಡೀ ಹೃದಯ ಕಾಣುವಂತೆ ಮಾಡುವ ಈ ಮಾರ್ಗದ ಮೂಲ ಅನುಕೂಲ ಹಾಗೆಯೇ ಉಳಿದಿದೆ. ಅನಿರೀಕ್ಷಿತವಾಗಿ ರಕ್ತಸ್ರಾವವಾದರೂ, ಇನ್ನೊಂದು ಕವಾಟವನ್ನೂ ಸರಿಪಡಿಸಬೇಕೆಂದು ಅಲ್ಲೇ ಗೊತ್ತಾದರೂ, ಕೈಗೆ ಎಲ್ಲವೂ ಎಟುಕುತ್ತದೆ. ಇದನ್ನು ಹಳೆಯ ಪದ್ಧತಿಯೆಂದು ತಾತ್ಸಾರ ಮಾಡುವುದು ಸರಿಯಲ್ಲ.

ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಎಂದರೆ ಒಂದೇ ವಿಧಾನವೇ?

ಅಲ್ಲ. ಈ ಹೆಸರಿನ ಕೆಳಗೆ ಎರಡು ಮೂರು ಬೇರೆ ಬೇರೆ ಮಾರ್ಗಗಳು ಬರುತ್ತವೆ, ಮತ್ತು ನಿಮಗೆ ಹೇಳುತ್ತಿರುವುದು ಯಾವುದೆಂದು ಸ್ಪಷ್ಟವಾಗಿ ಕೇಳಿಕೊಳ್ಳಬೇಕು.

ಅಯೋರ್ಟಿಕ್ ಕವಾಟಕ್ಕೆ ಹೆಚ್ಚಾಗಿ ಬಳಸುವುದು ಎದೆಮೂಳೆಯ ಮೇಲ್ಭಾಗವನ್ನು ಮಾತ್ರ ತೆರೆಯುವ ವಿಧಾನ. ಇಲ್ಲಿ ಮೂಳೆಯನ್ನು ಮೇಲಿನಿಂದ ಮೂರನೇ ಅಥವಾ ನಾಲ್ಕನೇ ಪಕ್ಕೆಲುಬಿನ ಸಂದಿನವರೆಗೆ ಸೀಳಿ, ಅಲ್ಲಿಂದ ಬಲಕ್ಕೆ ತಿರುಗಿಸುತ್ತಾರೆ. ಕೆಳಭಾಗದ ಮೂಳೆ ಇಡಿಯಾಗಿ ಉಳಿಯುವುದರಿಂದ ಎದೆಗೂಡು ಹೆಚ್ಚು ಸ್ಥಿರವಾಗಿರುತ್ತದೆ. ಮೈಟ್ರಲ್ ಕವಾಟಕ್ಕೆ ಸಾಮಾನ್ಯವಾಗಿ ಬಲಗಡೆಯ ಪಕ್ಕೆಲುಬುಗಳ ನಡುವೆ ಸುಮಾರು 5 ರಿಂದ 7 ಸೆಂಟಿಮೀಟರ್ ಗಾಯ ಮಾಡುತ್ತಾರೆ, ಮೂಳೆಯನ್ನು ಕತ್ತರಿಸುವುದಿಲ್ಲ. ಕ್ಯಾಮೆರಾ ಒಳಗೆ ಬಿಟ್ಟು, ಉದ್ದ ಹಿಡಿಯ ಉಪಕರಣಗಳಿಂದ ಕೆಲಸ ಮಾಡುತ್ತಾರೆ. ಕೆಲವು ಅಯೋರ್ಟಿಕ್ ಕವಾಟಗಳನ್ನೂ ಬಲಗಡೆಯ ಪಕ್ಕೆಲುಬಿನ ನಡುವಿನಿಂದಲೇ ಬದಲಾಯಿಸುವುದುಂಟು. ರೋಬೋಟ್ ಸಹಾಯದ ಶಸ್ತ್ರಚಿಕಿತ್ಸೆ ಇದರದೇ ಮುಂದುವರಿದ ರೂಪ. ಉಪಕರಣವನ್ನು ಆಡಿಸುವುದು ಅಲ್ಲಿಯೂ ಮನುಷ್ಯನೇ. 1990 ರ ದಶಕದ ಮಧ್ಯಭಾಗದಿಂದ ಈ ಮಾರ್ಗಗಳು ಬಳಕೆಗೆ ಬಂದವು.

ಗಾಯ ಸಣ್ಣದಾದರೆ ಹೃದಯವನ್ನು ನಿಲ್ಲಿಸುವುದಿಲ್ಲ ತಾನೆ?

ನಿಲ್ಲಿಸಲೇಬೇಕು. ಈ ತಪ್ಪು ಕಲ್ಪನೆ ಬಹಳ ವ್ಯಾಪಕವಾಗಿದೆ. ಗಾಯ ಸಣ್ಣದಾದರೂ ಪೂರ್ಣ ಅರಿವಳಿಕೆ ಬೇಕು, ಹೃದಯ-ಶ್ವಾಸಕೋಶ ಯಂತ್ರ ಬೇಕು, ಹೃದಯ ನಿಂತಿರಬೇಕು. ಒಳಗೆ ನಡೆಯುವುದು ಅಷ್ಟೇ ದೊಡ್ಡ ಶಸ್ತ್ರಚಿಕಿತ್ಸೆ. ಪಕ್ಕೆಲುಬಿನ ಸಂದಿನಿಂದ ಮಾಡುವಾಗ ಯಂತ್ರದ ಕೊಳವೆಗಳನ್ನು ಜೋಡಿಸಲು ಎದೆಯಲ್ಲಿ ಜಾಗ ಸಾಲದೆ, ತೊಡೆಸಂದಿನ ರಕ್ತನಾಳಗಳ ಮೂಲಕ ಅವನ್ನು ಸೇರಿಸುತ್ತಾರೆ. ಅಂದರೆ ಎದೆಯ ಗಾಯದ ಜೊತೆ ತೊಡೆಯ ಸಂದಿನಲ್ಲೊಂದು ಗಾಯವೂ ಇರುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ಎಚ್ಚರವಾದಾಗ ಗಾಬರಿಪಡುತ್ತಾರೆ.

ಹಾಗಾದರೆ ಹೃದಯ ನಿಲ್ಲಿಸದೆ, ಕಾಲಿನ ರಕ್ತನಾಳದಿಂದ ಕವಾಟ ಹಾಕುತ್ತಾರೆ ಎನ್ನುವುದು ಏನು?

ಅದು ಬೇರೆಯೇ ಚಿಕಿತ್ಸೆ. ಅದನ್ನು ಟಾವಿ ಎಂದು ಕರೆಯುತ್ತಾರೆ. ಮಡಚಿದ ಕವಾಟವನ್ನು ತೊಡೆಯ ಅಪಧಮನಿಯ ಮೂಲಕ ಹೃದಯದವರೆಗೆ ಒಯ್ದು, ಕೆಟ್ಟ ಅಯೋರ್ಟಿಕ್ ಕವಾಟದ ಒಳಗೇ ಅರಳಿಸಿ ಕೂರಿಸುತ್ತಾರೆ. ಹಳೆಯ ಕವಾಟವನ್ನು ಕತ್ತರಿಸಿ ತೆಗೆಯುವುದಿಲ್ಲ, ಅದು ಗೋಡೆಗೆ ಒತ್ತಿಕೊಳ್ಳುತ್ತದೆ. ಫ್ರಾನ್ಸಿನ ರೂಆನ್ ನಗರದಲ್ಲಿ ಅಲೈನ್ ಕ್ರಿಬಿಯೆ ಅವರು 2002 ರಲ್ಲಿ ಇದನ್ನು ಮನುಷ್ಯರಲ್ಲಿ ಮೊದಲ ಬಾರಿಗೆ ಮಾಡಿದರು. ಮೊದಲು ಶಸ್ತ್ರಚಿಕಿತ್ಸೆ ತಾಳಲಾರದ ವೃದ್ಧರಿಗಷ್ಟೇ ಮೀಸಲಾಗಿದ್ದ ಈ ಚಿಕಿತ್ಸೆ, ಕಡಿಮೆ ಅಪಾಯದ ರೋಗಿಗಳಲ್ಲೂ ಶಸ್ತ್ರಚಿಕಿತ್ಸೆಗೆ ಸರಿಸಮ ಎಂದು 2019 ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳು ತೋರಿಸಿದವು. ಈಗ ಭಾರತದಲ್ಲಿಯೂ ಇಂಥ ಕವಾಟ ತಯಾರಾಗುತ್ತದೆ.

ಎಂಬತ್ತು ದಾಟಿದವರಿಗೆ ಅಯೋರ್ಟಿಕ್ ಕವಾಟ ತೀವ್ರವಾಗಿ ಕಿರಿದಾಗಿದ್ದರೆ ಇದು ಬಹುಮಟ್ಟಿಗೆ ಮೊದಲ ಆಯ್ಕೆ. ಅಮೆರಿಕದ ಮಾರ್ಗಸೂಚಿಯ ಪ್ರಕಾರ 65 ರಿಂದ 80 ರ ನಡುವಿನವರಿಗೆ ಎರಡೂ ದಾರಿ ತೆರೆದಿರುತ್ತವೆ, ರೋಗಿ ಮತ್ತು ವೈದ್ಯರು ಕೂಡಿ ನಿರ್ಧರಿಸಬೇಕು. 65 ಕ್ಕಿಂತ ಕಿರಿಯರಿಗೆ ಶಸ್ತ್ರಚಿಕಿತ್ಸೆಯೇ ಮೇಲು. ಕಾರಣ ಸರಳ: ಟಾವಿಯಲ್ಲಿ ಹಾಕುವುದು ಪ್ರಾಣಿಜನ್ಯ ಅಂಗಾಂಶದ ಕವಾಟ, ಅದು ಕಾಲಕ್ರಮದಲ್ಲಿ ಸವೆಯುತ್ತದೆ, ಮುಂದೆ ಅದನ್ನು ತೆಗೆಯಬೇಕಾಗಿ ಬಂದರೆ ಆ ಶಸ್ತ್ರಚಿಕಿತ್ಸೆ ಸುಲಭವಲ್ಲ. ಟಾವಿಯ ನಂತರ ಪೇಸ್‌ಮೇಕರ್ ಅಗತ್ಯ ಬೀಳುವ ಸಾಧ್ಯತೆ ಮತ್ತು ಕವಾಟದ ಅಂಚಿನಿಂದ ರಕ್ತ ಸೋರುವ ಸಾಧ್ಯತೆ ಶಸ್ತ್ರಚಿಕಿತ್ಸೆಗಿಂತ ಹೆಚ್ಚು. ಇದಲ್ಲದೆ ರುಮ್ಯಾಟಿಕ್ ಕಾಯಿಲೆಯಿಂದ ಕೆಟ್ಟ ಮೈಟ್ರಲ್ ಕವಾಟಕ್ಕೆ ಟಾವಿ ಉತ್ತರವಲ್ಲ. ಪತ್ರಿಕೆಯಲ್ಲಿ ಓದಿದ ವೃದ್ಧರೊಬ್ಬರ ಯಶಸ್ಸಿನ ಕಥೆಯನ್ನು ಹಿಡಿದು ಮೂವತ್ತರ ಮಗಳಿಗೂ ಅದೇ ಬೇಕೆಂದು ಹಟ ಹಿಡಿಯುವ ತಂದೆತಾಯಿಯರಿಗೆ ಇದನ್ನು ತಾಳ್ಮೆಯಿಂದ ವಿವರಿಸಬೇಕಾಗುತ್ತದೆ.

ಕವಾಟ ಬದಲಾಯಿಸದೆಯೇ ಸರಿಪಡಿಸಲು ಬರುವುದಿಲ್ಲವೇ?

ಹಲವು ಸಲ ಬರುತ್ತದೆ, ಮತ್ತು ಬರುವುದಾದರೆ ಅದೇ ಒಳ್ಳೆಯದು. ಗಾಯದ ಅಳತೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಅಂಟಿಕೊಂಡ ಮೈಟ್ರಲ್ ಎಸಳುಗಳು ಇನ್ನೂ ಮೆದುವಾಗಿದ್ದು, ಸುಣ್ಣ ಹೆಚ್ಚು ಸೇರದೆ, ಸೋರಿಕೆ ತೀವ್ರವಾಗಿಲ್ಲದೆ, ಹೃದಯದ ಮೇಲಿನ ಕೋಣೆಯಲ್ಲಿ ರಕ್ತ ಹೆಪ್ಪುಗಟ್ಟಿಲ್ಲದಿದ್ದರೆ, ತೊಡೆಯ ರಕ್ತನಾಳದಿಂದ ಬಲೂನ್ ಒಯ್ದು ಕವಾಟವನ್ನು ಅಗಲಿಸಬಹುದು. ಜಪಾನಿನ ಕಾಂಜಿ ಇನೌಎ ಅವರು 1984 ರಲ್ಲಿ ವರದಿ ಮಾಡಿದ ಈ ವಿಧಾನ ಭಾರತದ ರುಮ್ಯಾಟಿಕ್ ರೋಗಿಗಳಿಗೆ ವರವಾಯಿತು. ಬೆಂಗಳೂರಿನ ಶ್ರೀ ಜಯದೇವ ಹೃದ್ರೋಗ ವಿಜ್ಞಾನ ಮತ್ತು ಸಂಶೋಧನಾ ಸಂಸ್ಥೆ ಈ ಬಲೂನ್ ಚಿಕಿತ್ಸೆಯನ್ನು ಬಹು ದೊಡ್ಡ ಸಂಖ್ಯೆಯಲ್ಲಿ ನಡೆಸಿದ ಸರ್ಕಾರಿ ಸಂಸ್ಥೆಯೆಂದು ಹೆಸರಾಗಿದೆ. ಇದರಲ್ಲಿ ಎದೆಯ ಮೇಲೆ ಗಾಯವೇ ಇಲ್ಲ, ಕೃತಕ ಕವಾಟವೂ ಇಲ್ಲ. ವರ್ಷಗಳ ನಂತರ ಮತ್ತೆ ಕಿರಿದಾಗಬಹುದು ಎಂಬುದು ನಿಜ, ಆದರೆ ಇಪ್ಪತ್ತೆರಡರ ಯುವತಿಗೆ ಹತ್ತು ವರ್ಷ ಮುಂದೂಡಿದರೂ ಅದರ ಬೆಲೆ ದೊಡ್ಡದು.

ವಯಸ್ಸಿನಿಂದ ಅಥವಾ ಎಸಳಿನ ದಾರಗಳು ತುಂಡಾಗಿ ಸೋರುತ್ತಿರುವ ಮೈಟ್ರಲ್ ಕವಾಟವನ್ನು ಶಸ್ತ್ರಚಿಕಿತ್ಸೆಯಲ್ಲಿ ರಿಪೇರಿ ಮಾಡಿದರೆ ಬದಲಾಯಿಸುವುದಕ್ಕಿಂತ ಫಲಿತಾಂಶ ಉತ್ತಮ. ರುಮ್ಯಾಟಿಕ್ ಕವಾಟದಲ್ಲಿ ರಿಪೇರಿ ಕಷ್ಟ, ಅದು ಬಾಳಿಕೆ ಬರುವ ಭರವಸೆಯೂ ಕಡಿಮೆ. ಸಣ್ಣ ಗಾಯದ ಹಂಬಲದಿಂದ ರಿಪೇರಿ ಆಗಬಹುದಾದ ಕವಾಟವನ್ನು ಬದಲಾಯಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅತ್ಯಂತ ದುಬಾರಿಯಾದ ವಿನಿಮಯ.

ಎರಡರಲ್ಲಿ ಯಾವುದು ಹೆಚ್ಚು ಸುರಕ್ಷಿತ?

ಪ್ರಾಣಾಪಾಯದ ವಿಷಯದಲ್ಲಿ, ಅನುಭವಿ ತಂಡದ ಕೈಯಲ್ಲಿ, ಎರಡರ ನಡುವೆ ಸ್ಪಷ್ಟ ವ್ಯತ್ಯಾಸ ಕಂಡುಬಂದಿಲ್ಲ. ಅಯೋರ್ಟಿಕ್ ಕವಾಟಕ್ಕೆ ಎದೆಮೂಳೆಯನ್ನು ಅರ್ಧ ತೆರೆಯುವುದನ್ನೂ ಪೂರ್ತಿ ತೆರೆಯುವುದನ್ನೂ ಹೋಲಿಸಿದ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾವಿನ ಪ್ರಮಾಣದಲ್ಲಿ ಖಚಿತವಾದ ಅಂತರ ಸಿಗಲಿಲ್ಲ; ಸಣ್ಣ ಗಾಯದಲ್ಲಿ ರಕ್ತಸ್ರಾವ ತುಸು ಕಡಿಮೆ, ಯಂತ್ರದ ಮೇಲೆ ಕಳೆಯುವ ಸಮಯ ತುಸು ಹೆಚ್ಚು ಎಂಬುದು ಕಂಡಿತು.

ಮೈಟ್ರಲ್ ಕವಾಟದ ವಿಷಯದಲ್ಲಿ ಬ್ರಿಟನ್ನಿನ ಹತ್ತು ಕೇಂದ್ರಗಳಲ್ಲಿ 330 ರೋಗಿಗಳ ಮೇಲೆ ನಡೆದು 2023 ರಲ್ಲಿ ಪ್ರಕಟವಾದ ಪ್ರಯೋಗ ಗಮನಿಸತಕ್ಕದ್ದು. ಅದು ನಡೆದದ್ದು ಸವೆತದಿಂದ ಸೋರುವ ಕವಾಟದ ರಿಪೇರಿಯ ಬಗ್ಗೆ, ರುಮ್ಯಾಟಿಕ್ ಕವಾಟದ ಬದಲಾವಣೆಯ ಬಗ್ಗೆ ಅಲ್ಲ ಎಂಬುದನ್ನು ಮೊದಲೇ ಹೇಳಬೇಕು. ಹನ್ನೆರಡು ವಾರಗಳ ಹೊತ್ತಿಗೆ ರೋಗಿಗಳ ದೈಹಿಕ ಸಾಮರ್ಥ್ಯ ಎಷ್ಟು ಮರಳಿದೆ ಎಂದು ಅಳೆದಾಗ ಪಕ್ಕೆಲುಬಿನ ಮಾರ್ಗ ಎದೆಮೂಳೆಯ ಮಾರ್ಗಕ್ಕಿಂತ ಮೇಲೆಂದು ಸಾಬೀತಾಗಲಿಲ್ಲ. ರಿಪೇರಿಯ ಗುಣಮಟ್ಟ ಎರಡರಲ್ಲೂ ಚೆನ್ನಾಗಿತ್ತು, ಒಂದು ವರ್ಷದವರೆಗಿನ ಸುರಕ್ಷತೆಯೂ ಸಮಾನವಾಗಿತ್ತು. ಸಣ್ಣ ಗಾಯದವರು ಆಸ್ಪತ್ರೆಯಿಂದ ಸ್ವಲ್ಪ ಬೇಗ ಮನೆಗೆ ಹೋದರು. ನನಗೆ ಕಾಣುವಂತೆ ಇದರ ಅರ್ಥ ಎರಡೂ ಕಡೆಯವರಿಗೆ ಸಮಾಧಾನ ಕೊಡುವಂಥದು. ಸಣ್ಣ ಗಾಯವನ್ನು ಆರಿಸಿಕೊಂಡವರು ಸುರಕ್ಷತೆಯನ್ನು ಬಿಟ್ಟುಕೊಟ್ಟಿಲ್ಲ, ಎದೆಮೂಳೆ ತೆರೆಸಿಕೊಳ್ಳಬೇಕಾದವರು ಕೆಳದರ್ಜೆಯ ಚಿಕಿತ್ಸೆ ಪಡೆದಿಲ್ಲ. ಆದರೆ ಇಂಥ ಫಲಿತಾಂಶ ಬಂದದ್ದು ಈ ಕೆಲಸದಲ್ಲಿ ಪಳಗಿದ ಶಸ್ತ್ರಚಿಕಿತ್ಸಕರಿಂದ ಎಂಬುದನ್ನು ಮರೆಯಬಾರದು. ಅಪರೂಪಕ್ಕೊಮ್ಮೆ ಸಣ್ಣ ಗಾಯದಲ್ಲಿ ಮಾಡುವ ಕೈಗೆ ಈ ಮಾತು ಅನ್ವಯಿಸುವುದಿಲ್ಲ.

ಎರಡು ಮಾರ್ಗಗಳ ತೊಡಕುಗಳ ಸ್ವರೂಪ ಮಾತ್ರ ಬೇರೆ. ಎದೆಮೂಳೆ ತೆರೆದಾಗ ಮೂಳೆ ಕೂಡದಿರುವುದು ಅಥವಾ ಆಳದಲ್ಲಿ ಸೋಂಕು ತಗಲುವುದು ಅಪರೂಪವಾದರೂ ಗಂಭೀರ. ಮಧುಮೇಹ, ಬೊಜ್ಜು, ಧೂಮಪಾನ ಇರುವವರಲ್ಲಿ ಈ ಅಪಾಯ ಹೆಚ್ಚು. ಪಕ್ಕೆಲುಬಿನ ಮಾರ್ಗದಲ್ಲಿ ತೊಡೆಯ ರಕ್ತನಾಳಕ್ಕೆ ಹಾನಿ, ಅಯೋರ್ಟಾ ಎಂಬ ಮಹಾಪಧಮನಿಯಲ್ಲಿ ಕೊಬ್ಬಿನ ಪದರವಿದ್ದರೆ ಪಾರ್ಶ್ವವಾಯು, ವಪೆಯನ್ನು ಆಡಿಸುವ ನರಕ್ಕೆ ಪೆಟ್ಟು, ಬಲ ಶ್ವಾಸಕೋಶದ ಊತ ಇವು ಅಪರೂಪದ ತೊಡಕುಗಳು. ಶಸ್ತ್ರಚಿಕಿತ್ಸೆಯ ನಡುವೆ ತೊಂದರೆ ಕಂಡರೆ ಪೂರ್ತಿ ಎದೆಮೂಳೆ ತೆರೆಯಬೇಕಾಗಿ ಬರಬಹುದು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಈ ಸಾಧ್ಯತೆಗೂ ಮನಸ್ಸು ಸಿದ್ಧವಾಗಿರಲಿ, ಏಕೆಂದರೆ ಆ ಗಳಿಗೆಯಲ್ಲಿ ಗಾಯ ದೊಡ್ಡದು ಮಾಡುವ ನಿರ್ಧಾರ ಜೀವ ಉಳಿಸುವ ನಿರ್ಧಾರ.

ನೋವು ಮತ್ತು ಚೇತರಿಕೆಯಲ್ಲಿ ಎಷ್ಟು ವ್ಯತ್ಯಾಸ?

ಸಣ್ಣ ಗಾಯದ ನಿಜವಾದ ಲಾಭ ಇರುವುದು ಮೊದಲ ಕೆಲವು ವಾರಗಳಲ್ಲಿ. ಎದೆಮೂಳೆ ಕೂಡಿಕೊಳ್ಳಲು ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಭಾರ ಎತ್ತುವಂತಿಲ್ಲ, ತುಂಬಿದ ಕೊಡ ಸೊಂಟಕ್ಕೇರಿಸುವಂತಿಲ್ಲ, ಮಗುವನ್ನು ಎತ್ತಿಕೊಳ್ಳುವಂತಿಲ್ಲ, ದ್ವಿಚಕ್ರ ವಾಹನ ಓಡಿಸುವಂತಿಲ್ಲ, ಕೈಯೂರಿ ಎದ್ದೇಳುವಂತಿಲ್ಲ. ಗದ್ದೆ ಕೆಲಸ, ಗಾರೆ ಕೆಲಸ ಮಾಡಿ ದಿನಗೂಲಿಯ ಮೇಲೆ ಬದುಕುವವರಿಗೆ ಈ ಮೂರು ತಿಂಗಳು ಸಣ್ಣ ವಿಷಯವಲ್ಲ. ಮೂಳೆ ಕತ್ತರಿಸದ ಮಾರ್ಗದಲ್ಲಿ ಇಂಥ ನಿರ್ಬಂಧಗಳು ಬೇಗ ಸಡಿಲವಾಗುತ್ತವೆ, ಅನೇಕರು ಕೆಲವೇ ವಾರಗಳಲ್ಲಿ ಲಘು ಕೆಲಸಕ್ಕೆ ಮರಳುತ್ತಾರೆ. ಆದರೆ ನೋವೇ ಇರುವುದಿಲ್ಲವೆಂದು ಭಾವಿಸಬಾರದು. ಪಕ್ಕೆಲುಬುಗಳ ನಡುವಿನ ನರಗಳು ಎಳೆತಕ್ಕೊಳಗಾಗುವುದರಿಂದ ಮೊದಲ ದಿನಗಳ ನೋವು ಕೆಲವರಿಗೆ ತೀಕ್ಷ್ಣವಾಗಿಯೇ ಇರುತ್ತದೆ.

ಹೃದಯದ ಒಳಗಿನ ಚೇತರಿಕೆ ಎರಡರಲ್ಲೂ ಒಂದೇ. ಊದಿಕೊಂಡ ಹೃದಯ ತನ್ನ ಗಾತ್ರಕ್ಕೆ ಮರಳಲು, ಹಸಿವು ಮತ್ತು ನಿದ್ರೆ ಸರಿಹೋಗಲು, ದಣಿವು ನೀಗಲು ತಿಂಗಳುಗಳು ಬೇಕು. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಎದೆ ಬಡಿತ ಏರುಪೇರಾಗುವುದು, ಅಕಾರಣವಾಗಿ ಮನಸ್ಸು ಕುಗ್ಗುವುದು ಎರಡೂ ಗುಂಪಿನವರಲ್ಲಿ ಕಂಡುಬರುತ್ತದೆ. ಮನೆಯವರು ಇದನ್ನು ನಾಟಕವೆಂದು ಬಗೆಯದೆ ವೈದ್ಯರಿಗೆ ತಿಳಿಸಬೇಕು.

ಗಾಯದ ಗುರುತಿನ ವಿಷಯವೂ ಒಂದಿದೆ. ಮದುವೆಯಾಗದ ಹೆಣ್ಣುಮಕ್ಕಳ ಪಾಲಿಗೆ ಎದೆಯ ನಡುವಿನ ಉದ್ದನೆಯ ಕಲೆ ನಮ್ಮ ಸಮಾಜದಲ್ಲಿ ಎಷ್ಟು ಮುಜುಗರಕ್ಕೆ ಕಾರಣವಾಗುತ್ತದೆ ಎಂಬುದನ್ನು ಕಡೆಗಣಿಸಲಾಗದು. ಸೌಂದರ್ಯದ ಕಾರಣಕ್ಕೆ ಸಣ್ಣ ಗಾಯ ಕೇಳುವುದರಲ್ಲಿ ತಪ್ಪೇನೂ ಇಲ್ಲ, ಸಂಕೋಚವಿಲ್ಲದೆ ಕೇಳಿ. ಅದು ಸಾಧ್ಯವಾಗದಿದ್ದರೆ ಆ ಕಲೆಯನ್ನು ಕೊರತೆಯೆಂದು ನೋಡುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಸಣ್ಣ ಗಾಯದ ಶಸ್ತ್ರಚಿಕಿತ್ಸೆ ಯಾರಿಗೆ ಹೊಂದುವುದಿಲ್ಲ?

ಹೃದಯದ ರಕ್ತನಾಳಗಳಲ್ಲೂ ತಡೆಯಿದ್ದು ಬೈಪಾಸ್ ಮಾಡಬೇಕಾದವರಿಗೆ, ಒಂದಕ್ಕಿಂತ ಹೆಚ್ಚು ಕವಾಟ ಕೆಟ್ಟಿರುವ ಬಹುತೇಕರಿಗೆ, ಅಯೋರ್ಟಾ ಹಿಗ್ಗಿರುವವರಿಗೆ ಸಾಮಾನ್ಯವಾಗಿ ಎದೆಮೂಳೆ ತೆರೆಯುವುದೇ ಸೂಕ್ತ. ತೊಡೆಯ ರಕ್ತನಾಳ ಕಿರಿದಾಗಿದ್ದರೆ ಅಥವಾ ಗಟ್ಟಿಯಾಗಿದ್ದರೆ ಕೊಳವೆ ಸೇರಿಸಲು ಆಗುವುದಿಲ್ಲ. ಎದೆಗೂಡಿನ ಆಕಾರ ವಿಕೃತವಾಗಿದ್ದರೆ, ಮೈಟ್ರಲ್ ಕವಾಟದ ಬುಡದಲ್ಲಿ ಸುಣ್ಣ ಗಡ್ಡೆಗಟ್ಟಿದ್ದರೆ, ಕವಾಟಕ್ಕೆ ತೀವ್ರ ಸೋಂಕು ತಗಲಿದ್ದರೆ ಕೂಡ ಶಸ್ತ್ರಚಿಕಿತ್ಸಕರು ಹಿಂಜರಿಯುತ್ತಾರೆ. ಹಿಂದೆ ಕ್ಷಯ ಬಂದು ವಾಸಿಯಾದವರ ಬಲ ಶ್ವಾಸಕೋಶ ಎದೆಗೋಡೆಗೆ ಅಂಟಿಕೊಂಡಿರಬಹುದು. ಪಕ್ಕೆಲುಬಿನ ಮಾರ್ಗಕ್ಕೆ ಅದು ದೊಡ್ಡ ಅಡ್ಡಿ. ಎಷ್ಟೇ ಹಳೆಯದಾದರೂ ಕ್ಷಯದ ಚಿಕಿತ್ಸೆ ಪಡೆದಿದ್ದರೆ ಮರೆಮಾಚದೆ ಹೇಳಿ.

ಲೋಹದ ಕವಾಟವೋ, ಜೈವಿಕ ಕವಾಟವೋ? ಗಾಯದ ಅಳತೆಗೂ ಇದಕ್ಕೂ ಸಂಬಂಧವಿದೆಯೇ?

ಸಂಬಂಧವಿಲ್ಲ, ಎರಡು ಬಗೆಯ ಕವಾಟವನ್ನೂ ಎರಡು ಮಾರ್ಗದಲ್ಲೂ ಹಾಕಬಹುದು. ಆದರೆ ಜೀವನದ ಮೇಲೆ ಗಾಯಕ್ಕಿಂತ ಹೆಚ್ಚು ಪ್ರಭಾವ ಬೀರುವ ನಿರ್ಧಾರ ಇದು. ಕುಟುಂಬಗಳು ಗಾಯದ ಬಗ್ಗೆ ಗಂಟೆಗಟ್ಟಲೆ ಚರ್ಚಿಸಿ, ಕವಾಟದ ಬಗ್ಗೆ ಎರಡೇ ನಿಮಿಷದಲ್ಲಿ ತಲೆಯಾಡಿಸುವುದು ನೋವಿನ ಸಂಗತಿ.

ಜನ ಲೋಹದ ಕವಾಟ ಎಂದು ಕರೆಯುವ ಯಾಂತ್ರಿಕ ಕವಾಟ ದಶಕಗಳ ಕಾಲ ಬಾಳುತ್ತದೆ. ಅದಕ್ಕೆ ಪ್ರತಿಯಾಗಿ ಜೀವನಪರ್ಯಂತ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ತೆಗೆದುಕೊಳ್ಳಬೇಕು, ಮತ್ತು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್ಆರ್ ಎಂಬ ರಕ್ತಪರೀಕ್ಷೆಯನ್ನು ನಿಯಮಿತವಾಗಿ ಮಾಡಿಸುತ್ತಿರಬೇಕು. ಸಾಮಾನ್ಯವಾಗಿ ಅಯೋರ್ಟಿಕ್ ಸ್ಥಾನದಲ್ಲಿ ಅದು 2 ರಿಂದ 3 ರ ನಡುವೆ, ಮೈಟ್ರಲ್ ಸ್ಥಾನದಲ್ಲಿ 2.5 ರಿಂದ 3.5 ರ ನಡುವೆ ಇರಬೇಕು. ಕಡಿಮೆಯಾದರೆ ಕವಾಟದಲ್ಲಿ ಹೆಪ್ಪುಗಟ್ಟಿ ಪಾರ್ಶ್ವವಾಯುವಾಗಬಹುದು ಅಥವಾ ಕವಾಟವೇ ಸಿಕ್ಕಿಕೊಳ್ಳಬಹುದು, ಹೆಚ್ಚಾದರೆ ರಕ್ತಸ್ರಾವ. ಪರೀಕ್ಷೆಯ ತೊಂದರೆಯಿಲ್ಲದ ಹೊಸ ಮಾತ್ರೆಗಳನ್ನು ಯಾಂತ್ರಿಕ ಕವಾಟದವರು ಬಳಸುವಂತಿಲ್ಲ. ಡಾಬಿಗಟ್ರಾನ್ ಮತ್ತು ಅಪಿಕ್ಸಬಾನ್ ಎರಡರ ಪ್ರಯೋಗಗಳನ್ನೂ ಅಪಾಯ ಕಂಡು ಅರ್ಧಕ್ಕೇ ನಿಲ್ಲಿಸಲಾಯಿತು. ಔಷಧ ಅಂಗಡಿಯವರು ಅಥವಾ ನೆಂಟರು ಹೇಳಿದರೆಂದು ಮಾತ್ರೆ ಬದಲಾಯಿಸಬೇಡಿ.

ಜೈವಿಕ ಕವಾಟವನ್ನು ದನದ ಅಥವಾ ಹಂದಿಯ ಅಂಗಾಂಶದಿಂದ ಮಾಡಿರುತ್ತಾರೆ. ಧಾರ್ಮಿಕ ಕಾರಣಕ್ಕೆ ಆಕ್ಷೇಪವಿದ್ದರೆ ಮೊದಲೇ ತಿಳಿಸಿ. ಯಾವ ಪ್ರಾಣಿಯದೆಂದು ಕೇಳುವ ಹಕ್ಕು ನಿಮಗಿದೆ. ಇದರಲ್ಲಿ ಬೇರೆ ಕಾರಣವಿಲ್ಲದಿದ್ದರೆ ಕೆಲವು ತಿಂಗಳ ನಂತರ ವಾರ್ಫರಿನ್ ನಿಲ್ಲಿಸಬಹುದು. ಆದರೆ ಸಾಮಾನ್ಯವಾಗಿ 10 ರಿಂದ 15 ವರ್ಷದಲ್ಲಿ ಸವೆಯುತ್ತದೆ, ಮತ್ತು ವಯಸ್ಸು ಚಿಕ್ಕದಾದಷ್ಟೂ ಬೇಗ ಸವೆಯುತ್ತದೆ. ಸ್ಥೂಲವಾಗಿ 65 ದಾಟಿದವರಿಗೆ ಜೈವಿಕ, 50 ಕ್ಕಿಂತ ಕಿರಿಯರಿಗೆ ಯಾಂತ್ರಿಕ ಎಂಬುದು ಒಪ್ಪಿತವಾದ ರೂಢಿ. ನಡುವಿನವರಿಗೆ ಅವರ ಬದುಕಿನ ರೀತಿಯೇ ಉತ್ತರ ಹೇಳಬೇಕು. ಐಎನ್ಆರ್ ಪರೀಕ್ಷೆಗೆ ತಾಲ್ಲೂಕು ಕೇಂದ್ರಕ್ಕೆ ಎರಡು ಬಸ್ಸು ಬದಲಿಸಿ ಹೋಗಬೇಕಾದ, ಮಾತ್ರೆ ನೆನಪಿಸಲು ಮನೆಯಲ್ಲಿ ಯಾರೂ ಇಲ್ಲದ ರೋಗಿಗೆ ಯಾಂತ್ರಿಕ ಕವಾಟ ಹಾಕುವ ಮುಂಚೆ ವೈದ್ಯರು ಎರಡು ಸಲ ಯೋಚಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ.

ದೇಶೀಯ ಯಾಂತ್ರಿಕ ಕವಾಟದ ಬಗ್ಗೆಯೂ ಅನುಮಾನ ಬೇಡ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟವನ್ನು 1990 ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ರೋಗಿಗೆ ಅಳವಡಿಸಲಾಯಿತು. ಆಮದು ಕವಾಟದ ಬೆಲೆ ಭರಿಸಲಾಗದ ಸಾವಿರಾರು ರುಮ್ಯಾಟಿಕ್ ರೋಗಿಗಳಿಗೆ ಅದು ಬದುಕು ಕೊಟ್ಟಿತು. ವಲಿಯತ್ತಾನ್ ಅವರು ಮುಂದೆ ಮಣಿಪಾಲ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳಾಗಿ ತಮ್ಮ ಬದುಕಿನ ದೊಡ್ಡ ಭಾಗವನ್ನು ಕರ್ನಾಟಕದಲ್ಲೇ ಕಳೆದರು.

ಮುಂದೆ ಮಕ್ಕಳು ಬೇಕೆನ್ನುವ ಹೆಣ್ಣುಮಕ್ಕಳು ಏನು ಮಾಡಬೇಕು?

ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮುಂಚೆಯೇ ಎತ್ತಬೇಕು, ವೈದ್ಯರು ಕೇಳದಿದ್ದರೆ ನೀವೇ ಎತ್ತಿ. ವಾರ್ಫರಿನ್ ಗರ್ಭದ ಆರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಶಿಶುವಿನ ಬೆಳವಣಿಗೆಗೆ ಹಾನಿ ಮಾಡಬಹುದು. ಅದನ್ನು ಏಕಾಏಕಿ ನಿಲ್ಲಿಸಿದರೆ ತಾಯಿಯ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಜೈವಿಕ ಕವಾಟ ಹಾಕಿಸಿಕೊಂಡರೆ ಈ ಇಕ್ಕಟ್ಟು ತಪ್ಪಬಹುದು, ಆದರೆ ಎರಡನೇ ಶಸ್ತ್ರಚಿಕಿತ್ಸೆ ಬಹುತೇಕ ಖಚಿತ. ಬಲೂನ್ ಅಥವಾ ರಿಪೇರಿ ಸಾಧ್ಯವಿದ್ದರೆ ಅದಕ್ಕೆ ಮೊದಲ ಆದ್ಯತೆ ಕೊಡಬೇಕಾದದ್ದು ಇಲ್ಲಿಯೇ. ಯಾಂತ್ರಿಕ ಕವಾಟವಿರುವವರು ಗರ್ಭ ಧರಿಸುವ ಮುಂಚೆಯೇ ಹೃದ್ರೋಗ ತಜ್ಞರನ್ನೂ ಪ್ರಸೂತಿ ತಜ್ಞರನ್ನೂ ಕಾಣಬೇಕು, ಮುಟ್ಟು ತಪ್ಪಿದ ಕೂಡಲೇ ಮತ್ತೆ ಕಾಣಬೇಕು. ಮಾತ್ರೆಯನ್ನು ತಾವಾಗಿಯೇ ಬಿಡಬಾರದು.

ಖರ್ಚು ಎಷ್ಟು, ಸರ್ಕಾರದ ನೆರವು ಸಿಗುತ್ತದೆಯೇ?

ಸಣ್ಣ ಗಾಯದ ವಿಧಾನಕ್ಕೆ ವಿಶೇಷ ಉಪಕರಣಗಳು ಬೇಕಾಗುವುದರಿಂದ ಖಾಸಗಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಖರ್ಚಾಗುತ್ತದೆ. ಟಾವಿ ಅದಕ್ಕಿಂತಲೂ ಬಹಳ ದುಬಾರಿ, ಅದರಲ್ಲಿ ಕವಾಟದ ಬೆಲೆಯೇ ದೊಡ್ಡ ಪಾಲು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ರೇಖೆಗಿಂತ ಮೇಲಿನವರಿಗೆ ಪ್ಯಾಕೇಜ್ ದರದ ಶೇಕಡ 30 ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಭರಿಸುತ್ತದೆ. ತುರ್ತು ಸಂದರ್ಭ ಬಿಟ್ಟರೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ. ಯಾವ ವಿಧಾನ ಮತ್ತು ಯಾವ ಕವಾಟ ಪ್ಯಾಕೇಜಿನೊಳಗೆ ಬರುತ್ತದೆ ಎಂಬುದನ್ನು ದಾಖಲಾಗುವ ಮುಂಚೆಯೇ ಆಸ್ಪತ್ರೆಯ ಯೋಜನಾ ಸಹಾಯಕರಲ್ಲಿ ಬರೆಸಿಕೊಂಡು ಖಚಿತಪಡಿಸಿಕೊಳ್ಳಿ. ಜಯದೇವ ಸಂಸ್ಥೆಗೆ ಬೆಂಗಳೂರಿನ ಜೊತೆಗೆ ಮೈಸೂರು ಮತ್ತು ಕಲಬುರಗಿಯಲ್ಲೂ ಆಸ್ಪತ್ರೆಗಳಿವೆ. ಸಣ್ಣ ಗಾಯಕ್ಕಾಗಿ ಜಮೀನು ಅಡವಿಡುವ ಅಗತ್ಯ ಯಾರಿಗೂ ಇಲ್ಲ. ಎದೆಮೂಳೆ ತೆರೆದು ಮಾಡುವ ಶಸ್ತ್ರಚಿಕಿತ್ಸೆಯ ದೀರ್ಘಕಾಲದ ಫಲ ಅಷ್ಟೇ ಒಳ್ಳೆಯದು.

ಶಸ್ತ್ರಚಿಕಿತ್ಸಕರನ್ನು ಏನು ಕೇಳಬೇಕು?

ನನ್ನ ಕವಾಟ ರಿಪೇರಿ ಆಗಬಹುದೇ, ಆಗುವುದಿಲ್ಲವಾದರೆ ಏಕೆ ಎಂದು ಮೊದಲು ಕೇಳಿ. ಅನಂತರ ಈ ಮಾರ್ಗದಲ್ಲಿ ವರ್ಷಕ್ಕೆ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ, ಅವುಗಳಲ್ಲಿ ಎಷ್ಟರಲ್ಲಿ ಪೂರ್ತಿ ಎದೆ ತೆರೆಯಬೇಕಾಯಿತು, ನಿಮ್ಮ ತಾಯಿಗಾದರೆ ಯಾವ ಕವಾಟ ಆರಿಸುತ್ತಿದ್ದಿರಿ ಎಂದು ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳುವುದೂ ಅಗೌರವವಲ್ಲ. ತುರ್ತಿಲ್ಲದಿದ್ದರೆ ಅದಕ್ಕೆ ಸಮಯವಿರುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಯಾವ ಸಿದ್ಧತೆ ಬೇಕು?

ಎಕೋ ಪರೀಕ್ಷೆ ಎಲ್ಲರಿಗೂ, ಸಾಮಾನ್ಯವಾಗಿ ನಲವತ್ತು ದಾಟಿದವರಿಗೆ ಹೃದಯದ ರಕ್ತನಾಳಗಳ ಆಂಜಿಯೋಗ್ರಾಂ, ಪಕ್ಕೆಲುಬಿನ ಮಾರ್ಗಕ್ಕೆ ಹೋಗುವವರಿಗೆ ಎದೆ ಮತ್ತು ತೊಡೆಯ ರಕ್ತನಾಳಗಳ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ. ಹುಳುಕು ಹಲ್ಲುಗಳಿದ್ದರೆ ಮೊದಲೇ ಸರಿಪಡಿಸಬೇಕು, ಏಕೆಂದರೆ ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೊಸ ಕವಾಟವನ್ನು ಕೆಡಿಸಬಲ್ಲದು. ಸಕ್ಕರೆ ಹತೋಟಿಗೆ ಬರಬೇಕು. ಬೀಡಿ, ಸಿಗರೇಟು, ತಂಬಾಕು ನಿಲ್ಲಿಸಬೇಕು.

ಮನೆಗೆ ಬಂದ ಮೇಲೆ ಸೊಪ್ಪು ತಿನ್ನಬಾರದು ಎನ್ನುತ್ತಾರೆ, ನಿಜವೇ?

ಪೂರ್ತಿ ಬಿಡಬೇಕಾಗಿಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪರಿಣಾಮವನ್ನು ತಗ್ಗಿಸುತ್ತದೆ. ಆದ್ದರಿಂದ ವಾರದಿಂದ ವಾರಕ್ಕೆ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಎಂದಿನಂತೆ ವಾರಕ್ಕೆರಡು ಸಲ ಮಸ್ಸೊಪ್ಪು, ಬಸ್ಸಾರು ಉಣ್ಣುವವರು ಹಾಗೆಯೇ ಉಣ್ಣಲಿ, ವೈದ್ಯರು ಮಾತ್ರೆಯ ಪ್ರಮಾಣವನ್ನು ಅದಕ್ಕೆ ಹೊಂದಿಸುತ್ತಾರೆ. ಒಂದು ತಿಂಗಳು ಮುಟ್ಟದೆ, ಇನ್ನೊಂದು ತಿಂಗಳು ದಿನವೂ ನುಗ್ಗೆಸೊಪ್ಪು ತಿನ್ನುವುದೇ ತೊಂದರೆ. ಮೈಕೈ ನೋವಿಗೆ ಡೈಕ್ಲೋಫೆನಾಕ್‌ನಂಥ ಮಾತ್ರೆ, ನಾಟಿ ಔಷಧ, ಕಷಾಯದ ಪುಡಿ ಇವನ್ನು ಕೇಳದೆ ತೆಗೆದುಕೊಳ್ಳಬೇಡಿ. ಮದ್ಯ ಬೇಡ.

ಮುಂದೆ ಹಲ್ಲು ಕೀಳಿಸುವ ಅಥವಾ ಒಸಡಿನ ಚಿಕಿತ್ಸೆ ಮಾಡಿಸುವ ಮೊದಲು ಕೃತಕ ಕವಾಟವಿದೆ ಎಂದು ದಂತವೈದ್ಯರಿಗೆ ಹೇಳಿ. ಚಿಕಿತ್ಸೆಗೆ ಅರ್ಧದಿಂದ ಒಂದು ಗಂಟೆ ಮುಂಚೆ ಆಂಟಿಬಯಾಟಿಕ್ ತೆಗೆದುಕೊಳ್ಳಬೇಕಾಗುತ್ತದೆ. ರುಮ್ಯಾಟಿಕ್ ಕಾಯಿಲೆಯವರು ಕವಾಟ ಬದಲಾದ ಮಾತ್ರಕ್ಕೆ ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಚುಚ್ಚುಮದ್ದನ್ನು ತಾವೇ ನಿಲ್ಲಿಸಬಾರದು, ಉಳಿದ ಕವಾಟಗಳನ್ನು ಅದು ಕಾಪಾಡುತ್ತದೆ. ಈಗಿನ ಕೃತಕ ಕವಾಟಗಳಿದ್ದರೂ ಎಂಆರ್‌ಐ ಸ್ಕ್ಯಾನ್ ಮಾಡಿಸಬಹುದು. ಕವಾಟದ ಗುರುತಿನ ಚೀಟಿಯನ್ನು ಜೊತೆಗಿಟ್ಟುಕೊಳ್ಳಿ.

ಯಾವ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು?

ಮುಖ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಸೋಲುವುದು, ಹಠಾತ್ತನೆ ಉಸಿರಾಟ ಕಷ್ಟವಾಗುವುದು, ಪ್ರಜ್ಞೆ ತಪ್ಪುವುದು, ಕಪ್ಪು ಮಲ ಅಥವಾ ನಿಲ್ಲದ ರಕ್ತಸ್ರಾವ ಇವುಗಳಲ್ಲಿ ಯಾವುದೇ ಕಂಡರೂ 108 ಕ್ಕೆ ಕರೆ ಮಾಡಿ. ಯಾಂತ್ರಿಕ ಕವಾಟವಿರುವವರಿಗೆ ನಿಶ್ಶಬ್ದ ಕೋಣೆಯಲ್ಲಿ ಸಣ್ಣಗೆ ಟಿಕ್ ಟಿಕ್ ಸದ್ದು ಕೇಳಿಸುವುದು ಸಹಜ, ಅದು ಕವಾಟ ಮುಚ್ಚುವ ಸದ್ದು. ಆ ಸದ್ದು ಮಂದವಾದರೆ ಅಥವಾ ಕೇಳಿಸದಾದರೆ ಕೂಡಲೇ ತಪಾಸಣೆ ಬೇಕು. ಗಾಯದಿಂದ ಕೀವು, ಎದೆಮೂಳೆ ಅಲುಗಾಡಿ ಕಟಕಟ ಎನ್ನುವುದು ಅಥವಾ ತೊಡೆಸಂದಿನಲ್ಲಿ ಊತ ಕಂಡರೆ ಅದೇ ದಿನ ಶಸ್ತ್ರಚಿಕಿತ್ಸೆ ಮಾಡಿದ ತಂಡಕ್ಕೆ ತೋರಿಸಿ. ಕಾರಣವಿಲ್ಲದೆ ಎರಡು ಮೂರು ದಿನಕ್ಕಿಂತ ಹೆಚ್ಚು ಜ್ವರವಿದ್ದರೆ, ಹತ್ತಿರದ ದವಾಖಾನೆಯಲ್ಲಿ ಆಂಟಿಬಯಾಟಿಕ್ ಶುರುಮಾಡುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸುವಂತೆ ಕೇಳಿ. ಮಾತ್ರೆ ನುಂಗಿದ ಮೇಲೆ ಮಾಡಿಸಿದರೆ ಕವಾಟಕ್ಕೆ ತಗಲಿದ ಸೋಂಕಿನ ಮೂಲ ಪತ್ತೆಯಾಗದೆ ಹೋಗಬಹುದು.